ಹೊಡೆಯದೆ ನಿಂತವಳು

ಭವ್ಯಶ್ರೀಯ ಮುಖ ಕಾಣುವ ಮೊದಲೇ ಅವಳ ನಡಿಗೆ ಕೇಳುತ್ತಿತ್ತು. ದುಬೈಯ ಅಲ್ ಕುಸೈಸ್‌ನ ನಮ್ಮ ಕಟ್ಟಡದ ನಾಲ್ಕನೆಯ ಮಹಡಿಯ ಕಾರಿಡಾರಿನಲ್ಲಿ ಮಕ್ಕಳು ಓಡುತ್ತಾರೆ, ಹೆಂಗಸರು ಚಪ್ಪಲಿ ಎಳೆಯುತ್ತಾರೆ, ನನ್ನಂಥವರು ಕಚೇರಿಯ ದಣಿವನ್ನೆಲ್ಲ ಬೂಟುಗಳ ಮೇಲೆ ಹೇರಿಕೊಂಡು ಬರುತ್ತೇವೆ. ಆ ಹದಿನಾರರ ಹುಡುಗಿ ಮಾತ್ರ ಹಿಮ್ಮಡಿಯನ್ನು ಮೊದಲು ನೆಲಕ್ಕಿಟ್ಟು, ಪಾದವನ್ನು ನಿಧಾನವಾಗಿ ಉರುಳಿಸಿ, ಸೊಂಟದಿಂದ ಮೇಲಿನ ದೇಹ ಒಂದಿಷ್ಟೂ ಅಲುಗದಂತೆ, ತಲೆಯ ಮೇಲೆ ತುಂಬಿದ ಕೊಡವಿದೆಯೇನೋ ಎಂಬಂತೆ ನಡೆಯುತ್ತಿದ್ದಳು. ಲಿಫ್ಟಿನಿಂದ ಅವಳ ಮನೆಯ ಬಾಗಿಲಿಗೆ ಹದಿನೆಂಟು ಹೆಜ್ಜೆ. ಹತ್ತೊಂಬತ್ತಾದ ಒಂದು ದಿನ ಅವಳು ಲಿಫ್ಟಿನ ತನಕ ಹಿಂದಿರುಗಿ ಮತ್ತೆ ನಡೆದು ಬಂದದ್ದನ್ನು ಕೈಯಲ್ಲಿ ಬೀಗದ ಕೈ ಹಿಡಿದು ನಿಂತ ನಾನು ಕಣ್ಣಾರೆ ಕಂಡಿದ್ದೇನೆ.

ಈ ನಡಿಗೆ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಅವಳ ತಂದೆ ಶೀನಪ್ಪ ಉಡುಪಿ ಕಡೆಯವರು, ಇಲ್ಲಿನ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್. ಯಾರಿಗೂ ನೋವಾಗದಂತೆ, ಗೋಡೆಗೆ ಒತ್ತಿಕೊಂಡು ನಡೆಯುವ ಮನುಷ್ಯ. ತಾಯಿ ಜಲಜಾಕ್ಷಿಯದು ಸದಾ ಅವಸರದ ನಡೆ. ಎರಡು ಸಾವಿರದ ಹದಿನಾಲ್ಕರ ಬೇಸಿಗೆ ರಜೆಗೆ ಜಲಜಾಕ್ಷಿಯ ತಂಗಿ, ಅಮೆರಿಕದ ಓಹಾಯೊದಲ್ಲಿ ನರ್ಸಾಗಿರುವವಳು, ಅಕ್ಕನ ಮಗಳನ್ನು ಕರೆಸಿಕೊಂಡಳು. ಆ ಊರಿನಲ್ಲೊಂದು ಸಣ್ಣ ಡ್ರಮ್ ಕೋರ್ ಇತ್ತು. ಹದಿಹರೆಯದ ನೂರು ಮಂದಿ ಬೇಸಿಗೆಯಿಡೀ ಬಸ್ಸಿನಲ್ಲಿ ಊರೂರು ಸುತ್ತುತ್ತ, ಶಾಲೆಗಳ ಜಿಮ್ಮಿನ ನೆಲದ ಮೇಲೆ ಮಲಗುತ್ತ, ದಿನಕ್ಕೆ ಹತ್ತು ಗಂಟೆ ಬಿಸಿಲಿನಲ್ಲಿ ನಿಂತು ಹತ್ತೇ ನಿಮಿಷದ ಒಂದು ಪ್ರದರ್ಶನವನ್ನು ತಿದ್ದಿ ತೀಡುವ ವಾದ್ಯತಂಡ ಅದು. ಅಲ್ಲಿ ಒಬ್ಬನ ಮಣಿಕಟ್ಟು ಮುರಿದು ಒಂದು ಜಾಗ ಖಾಲಿಯಾಗಿತ್ತು. ಶಾಲೆಯ ಬ್ಯಾಂಡಿನಲ್ಲಿ ನಾಲ್ಕು ವರ್ಷ ಸೈಡ್ ಡ್ರಮ್ ಬಾರಿಸಿದ್ದ ಈ ಹುಡುಗಿ ಹೋಗಿ ಕೇಳಿದಳು. ಅವರು ಪರೀಕ್ಷಿಸಿ, ಗೊಣಗಿ, ಸೇರಿಸಿಕೊಂಡರು.

ಅವಳ ಪಾಲಿಗೆ ಬಂದದ್ದು ಐದು ಬೇಸ್ ಡ್ರಮ್‌ಗಳ ಸಾಲಿನಲ್ಲಿ ಎಲ್ಲಕ್ಕಿಂತ ಚಿಕ್ಕದು. ಐದಕ್ಕೂ ಐದು ಬೇರೆ ನಾದ. ಓಡುವ ಒಂದು ನುಡಿಯನ್ನು ಐವರೂ ಒಂದೊಂದು ಪೆಟ್ಟಿನಂತೆ ಹಂಚಿಕೊಂಡು ನುಡಿಸಬೇಕು, ಕೇಳುವವರಿಗೆ ಒಬ್ಬರೇ ನುಡಿಸಿದಂತೆ ಕೇಳಬೇಕು. “ನಾನು ನನ್ನ ಒಂದು ಪೆಟ್ಟು ಬಿಟ್ರೆ ಅಲ್ಲಿ ಹೊಂಡ ಬೀಳ್ತದೆ ಅಂಕಲ್. ಇಡೀ ಸ್ಟೇಡಿಯಂಗೆ ಗೊತ್ತಾಗ್ತದೆ,” ಎಂದು ಅವಳು ನನಗೊಮ್ಮೆ ವಿವರಿಸಿದ್ದಳು. ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆಗಿಂತ ಭಯವೇ ಹೆಚ್ಚಿತ್ತು. ಆ ಭಯವೇ ಅವಳ ವಿದ್ಯೆ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಆಗಸ್ಟಿನ ಕೊನೆಗೆ ಮರಳಿದಾಗ ಅಂಗೈಯಲ್ಲಿ ಜಡ್ಡು, ಮೊಣಕೈಯ ತನಕ ಕಪ್ಪಗೆ ಸುಟ್ಟ ಚರ್ಮ, ಮೈಮೇಲೆ ಆ ತಂಡದ ಕಡುನೀಲಿ ಜಾಕೆಟ್. ಸೆಪ್ಟೆಂಬರಿನ ದುಬೈಯಲ್ಲಿ, ಕಾರಿನ ಬಾಗಿಲನ್ನು ಬರಿಗೈಯಲ್ಲಿ ಮುಟ್ಟಲಾಗದ ಆ ಸೆಖೆಯಲ್ಲಿ, ಅವಳು ಅದನ್ನು ತೊಟ್ಟೇ ಶಾಲೆಯ ಬಸ್ಸಿಗೆ ಕಾಯುತ್ತಿದ್ದಳು. “ಬಸ್ಸಿನ ಎಸಿ ಜಾಸ್ತಿ,” ಎಂಬುದು ಅವಳ ಸಮಜಾಯಿಷಿ. ನನ್ನ ಅಡುಗೆಮನೆಯ ಗೋಡೆಗೆ ತಾಗಿದ್ದು ಅವಳ ಕೋಣೆ. ರಬ್ಬರಿನ ಹಲಗೆಯೊಂದರ ಮೇಲೆ ಅವಳು ದಿನವೂ ಸಂಜೆ ಅಭ್ಯಾಸ ಮಾಡುವಾಗ ನಮ್ಮ ಕಪಾಟಿನ ಲೋಟಗಳು ಸಣ್ಣಗೆ ನಡುಗುತ್ತಿದ್ದವು. ದೂರಲು ಹೋದ ನನಗೆ ಅವಳು ಬಾಗಿಲಲ್ಲೇ ನಿಂತು ಹೇಳಿದಳು: “ಶಬ್ದ ಕಡಿಮೆ ಮಾಡ್ತೇನೆ ಅಂಕಲ್. ನಿಲ್ಲಿಸ್ಲಿಕ್ಕೆ ಮಾತ್ರ ಆಗುದಿಲ್ಲ.”

ಶಾಲೆಯ ಬ್ಯಾಂಡಿನ ಮೂವತ್ತೆರಡು ಮಕ್ಕಳಲ್ಲಿ ಬ್ಯೂಗಲ್ ಊದುವ ನನ್ನ ಮಗಳು ನಿಸರ್ಗಳೂ ಒಬ್ಬಳಾದ್ದರಿಂದ ಅಲ್ಲಿನ ಸುದ್ದಿಯೆಲ್ಲ ನನಗೆ ಊಟದ ಮೇಜಿನಲ್ಲೇ ತಲುಪುತ್ತಿತ್ತು. ಮೊದಲ ವಾರ ಭವ್ಯಶ್ರೀಯನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ನಾಲ್ಕು ವರ್ಷ ತಾನೂ ಸುಖವಾಗಿ ತಪ್ಪು ಬಾರಿಸಿದ ತಂಡದ ಎದುರು ನಿಂತು, “ನಾವು ಒಟ್ಟಿಗೆ ಹೊಡೀತಾ ಇಲ್ಲ, ಹತ್ತಿರ ಹತ್ತಿರ ಹೊಡೀತಾ ಇದ್ದೇವೆ,” ಎಂದು ಸಾರಿದವಳನ್ನು ಯಾರು ಸಹಿಸುತ್ತಾರೆ? ಅವಳ ಬಾಯಲ್ಲಿ ಒಂದೇ ಮಾತು, “ಇನ್ನೊಮ್ಮೆ.” ಚೆನ್ನಾಗಿ ಬಂದರೂ ಇನ್ನೊಮ್ಮೆ, ಕೆಟ್ಟರೂ ಇನ್ನೊಮ್ಮೆ. ಮಕ್ಕಳು ಅವಳಿಗೆ ‘ಮೇಡಂ ಅಮೆರಿಕಾ’ ಎಂದು ಹೆಸರಿಟ್ಟರು.

ಬ್ಯಾಂಡ್ ಮಾಸ್ಟರ್ ಅಬ್ದುಲ್ ರವೂಫ್ ಪುತ್ತೂರು ಕಡೆಯವರು. ಹತ್ತೊಂಬತ್ತು ವರ್ಷದಿಂದ ಅದೇ ಶಾಲೆಯಲ್ಲಿದ್ದರೂ ದಾಖಲೆಯಲ್ಲಿ ಬರೀ ಪಿ.ಟಿ. ಸಹಾಯಕ. ಅವರಿಗೆ ಅವಮಾನವಾಗಿರಬೇಕು, ಆದರೆ ಕಿವಿ ಇದ್ದ ಮನುಷ್ಯ. ಒಂದು ಬೆಳಿಗ್ಗೆ ಸೀಟಿಯನ್ನು ಜೇಬಿಗಿಳಿಸಿ, “ಅರ್ಧ ಗಂಟೆ ನಿಂಗೆ ಕೊಟ್ಟೆ ಮಗಳೇ. ಮಾಡಿ ತೋರಿಸು,” ಎಂದರು. ಅಂದಿನಿಂದ ಆರು ವಾರ, ಮೊದಲ ಪೀರಿಯಡ್ಡಿಗೆ ಮುಂಚೆ, ಶಾಲೆಯ ಬಸ್ಸುಗಳು ನಿಲ್ಲುವ ಚಪ್ಪರದ ಕೆಳಗೆ, ಡೀಸೆಲ್ ವಾಸನೆಯ ನಡುವೆ ಅವಳು ಒಬ್ಬೊಬ್ಬರ ಕಾಲನ್ನು, ಕೈಯನ್ನು, ಉಸಿರನ್ನು ಕೂಡ ತಿದ್ದಿದಳು. ಅಕ್ಟೋಬರಿನ ಒಂದು ದಿನ ಹತ್ತು ಡ್ರಮ್‌ಗಳು ಒಂದೇ ಪೆಟ್ಟಾಗಿ ಬಿದ್ದವಂತೆ. ಮಕ್ಕಳು ಹೆದರಿ ಒಬ್ಬರನ್ನೊಬ್ಬರು ನೋಡಿಕೊಂಡರಂತೆ. ರವೂಫ್ ಟೊಪ್ಪಿ ತೆಗೆದು ತಲೆಯೊರೆಸಿಕೊಂಡು ತಾವೇ “ಇನ್ನೊಮ್ಮೆ” ಎಂದರಂತೆ. ನಿಸರ್ಗ ಇದನ್ನು ಹೇಳುವಾಗ ತಟ್ಟೆಯ ಅನ್ನ ತಣ್ಣಗಾಗಿತ್ತು. ‘ಮೇಡಂ ಅಮೆರಿಕಾ’ ಎಂಬ ಹೆಸರು ನಮ್ಮ ಮನೆಯಲ್ಲಿ ಮತ್ತೆ ಕೇಳಲಿಲ್ಲ.

ನವೆಂಬರಿನಲ್ಲಿ ಶಾಲೆಗೆ ಬೆಳ್ಳಿಹಬ್ಬ. ಆಡಳಿತದವರು ಸಮಾರಂಭವನ್ನು ಒಂದು ಈವೆಂಟ್ ಕಂಪನಿಗೆ ಒಪ್ಪಿಸಿದರು. ಆ ಕಂಪನಿಯ ಯುವಕನೊಬ್ಬ ಬಂದು ಬ್ಯಾಂಡನ್ನು ಎರಡು ನಿಮಿಷ ಕೇಳಿ, “ಸೌಂಡ್ ನಾವು ಕೊಡುತ್ತೇವೆ, ಮಕ್ಕಳು ಆ್ಯಕ್ಷನ್ ಕೊಟ್ಟರೆ ಸಾಕು,” ಎಂದ. ಎಲ್ಲೋ ಒಂದು ಸ್ಟುಡಿಯೋದಲ್ಲಿ ಯಾರೋ ನುಡಿಸಿಟ್ಟ ಧ್ವನಿಮುದ್ರಿತ ಸಂಗೀತ ಸ್ಪೀಕರಿನಲ್ಲಿ ಬರುತ್ತದೆ; ಮಕ್ಕಳು ಅದಕ್ಕೆ ಸರಿಯಾಗಿ ಕೈಯಾಡಿಸಬೇಕು; ನಡುವೆ ನಿಜವಾದ ಶಬ್ದ ಹೊರಟು ರಸಭಂಗವಾಗದಂತೆ ಡ್ರಮ್ಮುಗಳ ಒಳಗೆ ಸ್ಪಂಜು ತುಂಬಬೇಕು, ಬ್ಯೂಗಲ್ಲುಗಳ ಬಾಯಿಗೆ ಬಟ್ಟೆ ತುರುಕಬೇಕು. ಆಡಳಿತದವರಿಗೆ ಇದು ಬಹಳ ಹಿಡಿಸಿತು. ಮೂವತ್ತೆರಡು ಮಕ್ಕಳ ಆರು ವಾರದ ಮುಂಜಾವುಗಳನ್ನು ಒಂದು ಗುಂಡಿ ಒತ್ತಿ ಅಳಿಸಿಬಿಡಬಹುದೆಂಬ ಆ ನಿರ್ಧಾರವನ್ನು ‘ಗುಣಮಟ್ಟ’ ಎಂದು ಕರೆದರಲ್ಲ, ಇಂದಿಗೂ ಆ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ.

ಭವ್ಯಶ್ರೀ ನೇರವಾಗಿ ಉಪಪ್ರಾಂಶುಪಾಲೆ ಉರ್ಸುಲಾ ಅವರ ಕೋಣೆಗೆ ಹೋದಳು. ಮಂಗಳೂರಿನವರಾದ ಉರ್ಸುಲಾ ಕೆಟ್ಟವರಲ್ಲ. ಊರಿನ ಹುಡುಗಿಯೆಂಬ ಸಲುಗೆಯಿಂದ ಕನ್ನಡದಲ್ಲೇ ತಿಳಿಹೇಳಿದರಂತೆ.

“ನೋಡು, ಇದು ನಿನ್ನ ಅಮೆರಿಕ ಅಲ್ಲ. ಚೀಫ್ ಗೆಸ್ಟ್ ಎದುರು ಒಬ್ರು ತಪ್ಪು ಹೊಡೆದ್ರೆ ಇಪ್ಪತ್ತೈದು ವರ್ಷದ ಹೆಸರು ಹೋಗ್ತದೆ.”

“ತಪ್ಪು ಹೊಡೆದ್ರೆ ಅದು ನಮ್ಮ ತಪ್ಪು ಅಲ್ವಾ ಮ್ಯಾಮ್? ಇದ್ರಲ್ಲಿ ಸರಿ ಬಂದ್ರೂ ನಮ್ಮದಲ್ಲ.”

“ಮಾತು ಜಾಸ್ತಿ ಆಯ್ತು. ಕ್ಲಾಸಿಗೆ ಹೋಗು.”

ಸಮಾರಂಭಕ್ಕೆ ಎರಡು ದಿನವಿರುವಾಗ ಸಂಜೆ ಅವಳು ನಮ್ಮ ಮನೆಗೆ ಬಂದಳು. ನಾನು ಪೋಷಕರ ಸಮಿತಿಯಲ್ಲಿದ್ದೆ. ಕುಳಿತುಕೊಳ್ಳೆಂದರೂ ಕುಳಿತುಕೊಳ್ಳಲಿಲ್ಲ. “ನೀವು ಪೇರೆಂಟ್ಸ್ ಒಂದು ಲೆಟರ್ ಕೊಟ್ರೆ ಕೇಳ್ತಾರೆ ಅಂಕಲ್. ರವೂಫ್ ಸರ್ ಹತ್ರ ಸ್ಪಂಜ್ ತುಂಬಿಸ್ಲಿಕ್ಕೆ ಹೇಳಿದ್ದಾರೆ. ಸರ್ ಮಾತೇ ಆಡುದಿಲ್ಲ ಈಗ.” ನಾನು ಮೈಸೂರಿನವನು; ಆ ಊರಿನ ನಯವೆಲ್ಲ ನನ್ನ ನಾಲಗೆಗೆ ಬಂದು ಕೂತಿತು. “ಒಂದು ದಿನದ್ದು ತಾನೇ ಮಗು, ಸ್ವಲ್ಪ ಅಡ್ಜಸ್ಟ್ ಮಾಡ್ಕೊ. ಮುಂದಿನ ಸಲ ನೋಡೋಣ,” ಎಂದೆ. ಅವಳು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ನನ್ನ ಮೇಲೆ ಸಿಟ್ಟು ಮಾಡುವಷ್ಟು ಏನೂ ಇಲ್ಲವೆಂದು ತಿಳಿದುಕೊಂಡ ನಿರಾಸೆಯಿತ್ತು. “ಓಕೆ ಅಂಕಲ್,” ಎಂದು ಹೊರಟುಹೋದಳು.

ಆ ಗುರುವಾರ ಮಧ್ಯಾಹ್ನ ಶಾಲೆಯ ಮೈದಾನದಲ್ಲಿ ಎರಡು ಸಾವಿರ ಜನ. ವೇದಿಕೆಯ ಎರಡೂ ಪಕ್ಕದಲ್ಲಿ ದೊಡ್ಡ ಪರದೆಗಳು. ಬಿಳಿ ಸಮವಸ್ತ್ರದ ಬ್ಯಾಂಡು ಮೈದಾನದ ಮಧ್ಯಕ್ಕೆ ಸಾಗಿಬಂದು ನಿಂತಿತು. ಮುಂದಿನ ಸಾಲಿನ ನಡುವೆ ಭವ್ಯಶ್ರೀ. ಸ್ಪೀಕರುಗಳು ಗುಡುಗಿದವು. ಡ್ರಮ್ಮಿನ ಕಡ್ಡಿಗಳು ಎದ್ದವು, ಬಿದ್ದವು. ನಾವೆಲ್ಲ ಚಪ್ಪಾಳೆ ತಟ್ಟಿದೆವು, ನಾನೂ ತಟ್ಟಿದೆ, ನನ್ನ ಮಗಳು ಬಟ್ಟೆ ತುರುಕಿದ ಬ್ಯೂಗಲ್ಲಿಗೆ ಕೆನ್ನೆಯುಬ್ಬಿಸುತ್ತಿದ್ದುದನ್ನು ನಡುನಡುವೆ ಫೋನಿನಲ್ಲಿ ಚಿತ್ರೀಕರಿಸುತ್ತಲೂ ಇದ್ದೆ. ಆಗ ಕಂಡದ್ದು: ಸಾಲಿನ ನಡುವೆ ಒಂದು ಜೊತೆ ಕಡ್ಡಿ ಮಾತ್ರ ಅಲುಗುತ್ತಿರಲಿಲ್ಲ.

ಅವಳು ಕಡ್ಡಿಗಳೆರಡನ್ನೂ ಡ್ರಮ್ಮಿನ ಅಂಚಿನ ಮೇಲೆ ಸಮಾನಾಂತರವಾಗಿ ಇಟ್ಟು, ಗದ್ದವನ್ನು ತುಸು ಮೇಲೆತ್ತಿ, ಎದುರಿಗೆ ನೋಡುತ್ತ ನಿಂತಿದ್ದಳು. ಮೈ ಸರಿಯಿಲ್ಲವೇನೋ ಎಂದುಕೊಂಡೆ ಮೊದಲು. ಮೊದಲ ರಾಗ ಮುಗಿದು ಎರಡನೆಯದು ಶುರುವಾಯಿತು. ಅವಳು ಹಾಗೆಯೇ ನಿಂತಿದ್ದಳು. ಇದೇನೂ ತಿಳಿಯದ ಕ್ಯಾಮೆರಾದವನು ಸಾಲಿನ ಮುಖಗಳನ್ನು ಒಂದೊಂದಾಗಿ ತೋರಿಸುತ್ತ ಬಂದು ಅವಳ ಕೈಗಳ ಮೇಲೆ ನಿಂತುಬಿಟ್ಟ. ಪರದೆಯ ತುಂಬ ನಿಶ್ಚಲವಾದ ಎರಡು ಕೈಗಳು. ಆಕಾಶದ ತುಂಬ ಅವೇ ಕೈಗಳದ್ದೆಂದು ನಾವು ನಂಬಬೇಕಿದ್ದ ಅಬ್ಬರ. ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ನಗೆ ನಿಂತಿತು. ಚಪ್ಪಾಳೆ ಅಲ್ಲಲ್ಲಿ ತಗ್ಗುತ್ತ, ನನ್ನ ಹಸ್ತಗಳ ನಡುವೆಯೂ ತಾನಾಗಿ ಸತ್ತಿತು.

ಇನ್ನುಳಿದ ಮೂವತ್ತೊಂದು ಮಕ್ಕಳಲ್ಲಿ ಒಬ್ಬರೂ ಕೈ ನಿಲ್ಲಿಸಲಿಲ್ಲ. ಅದನ್ನೂ ಹೇಳಬೇಕು.

ಶುಕ್ರ, ಶನಿಯ ರಜೆ ಕಳೆದು ಭಾನುವಾರ ಶೀನಪ್ಪನವರನ್ನು ಶಾಲೆಗೆ ಕರೆಸಿದರು. ಮಗಳು ಕ್ಷಮಾಪಣೆ ಬರೆದುಕೊಡಬೇಕು, ಇಲ್ಲವಾದರೆ ಬ್ಯಾಂಡಿನಿಂದ ತೆಗೆಯುತ್ತೇವೆ, ನಡತೆಯ ಷರಾದಲ್ಲೂ ನಮೂದಿಸುತ್ತೇವೆ ಎಂದರು. ಅಂದು ಸಂಜೆ ಗೋಡೆಯಾಚೆಯಿಂದ ಅವರ ದನಿ ನನಗೆ ಕೇಳಿಸುತ್ತಿತ್ತು. “ಎರಡು ಲೈನ್ ಬರ್ದು ಕೊಡು ಮಗಾ, ಖಲಾಸ್. ನಮ್ಗೆ ಇಲ್ಲಿ ಯಾರುಂಟು ಕೇಳುವವರು?” ಜಲಜಾಕ್ಷಿ ಅಳುತ್ತಿದ್ದಳು. ಭವ್ಯಶ್ರೀ ತಂದೆಯ ಮಾತನ್ನು ಮೀರಲಿಲ್ಲ, ಎರಡು ಸಾಲು ಬರೆದುಕೊಟ್ಟಳು: “ಅಂದು ನಾನು ಡ್ರಮ್ ಹೊಡೆಯಲಿಲ್ಲ. ಅಂದು ಯಾರೂ ಹೊಡೆಯಲಿಲ್ಲ.” ಶೀನಪ್ಪ ಓದಿದರು. ಅದರ ಕೆಳಗೆ ಪೋಷಕರ ಸಹಿಯ ಜಾಗದಲ್ಲಿ, ಸ್ಟೋರಿನ ಗೇಟ್ ಪಾಸಿಗೆ ಹಾಕುವ ಅದೇ ಪೂರ್ಣ ಸಹಿಯನ್ನು ಹಾಕಿಕೊಟ್ಟರಂತೆ. ಗೋಡೆಗೆ ಒತ್ತಿಕೊಂಡು ನಡೆಯುವ ಆ ಮನುಷ್ಯನ ಮುಖವನ್ನು ಮರುದಿನ ಲಿಫ್ಟಿನಲ್ಲಿ ನೋಡುವ ಧೈರ್ಯ ನನಗಾಗಲಿಲ್ಲ.

ಬ್ಯಾಂಡಿನಿಂದ ಅವಳನ್ನು ತೆಗೆದರು. ಅದು ಅವಳಿಗೆ ಗೊತ್ತಿದ್ದ ಬೆಲೆ. ಗೊತ್ತಿರದಿದ್ದುದು ಮಾರ್ಚಿನಲ್ಲಿ ಬಂತು. ‘ಶಿಸ್ತು ಕಾಪಾಡಲು ವಿಫಲ’ ಎಂದು ಬರೆದು ರವೂಫ್ ಅವರ ಕರಾರನ್ನು ಶಾಲೆ ಮುಂದುವರಿಸಲಿಲ್ಲ. ಸ್ಪಂಜು ತುಂಬಲು ಹೇಳಿದವರು ಅವರವರ ಕುರ್ಚಿಗಳಲ್ಲೇ ಉಳಿದರು; ಹೇಳಿಸಿಕೊಂಡು ತುಂಬಿದವನು ಹೋಗಬೇಕಾಯಿತು.

ರವೂಫ್ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಭಾವನ ಮೊಬೈಲ್ ಅಂಗಡಿ ಸೇರಿದರೆಂದು ತಿಳಿದಾಗ ಭವ್ಯಶ್ರೀ ಹಟ ಹಿಡಿದಳು. ಶುಕ್ರವಾರ ಅಪ್ಪನೂ ಮಗಳೂ ನನ್ನ ಕಾರಿನಲ್ಲೇ ಬಂದರು. ನಾನು ಮಾಡಬಹುದಾಗಿದ್ದ ಕೆಲಸ ಅಷ್ಟೇ ಉಳಿದಿತ್ತು. ಚಾರ್ಜರುಗಳ ಸರಮಾಲೆಯ ಹಿಂದೆ ರವೂಫ್ ಗಿರಾಕಿಯೊಬ್ಬನಿಗೆ ಫೋನಿನ ಗಾಜು ಅಂಟಿಸಿ ಕೊಡುತ್ತಿದ್ದರು. ಅವನು ಹೋದ ಮೇಲೆ ತಲೆಯೆತ್ತಿದರು.

“ಸಾರಿ ಸರ್,” ಎಂದಳು. ಅದೇ ಮೊದಲ ಸಲ ಅವಳ ಬೆನ್ನು ಬಾಗಿದ್ದನ್ನು ನಾನು ನೋಡಿದ್ದು.

“ಸಾರಿ ಎಂತಕ್ಕೆ ಈಗ? ನಿಂಗೆ ಸಿಟ್ಟು ಬಂತು, ನೀನು ಮಾಡಿದಿ. ಊರಿನಲ್ಲಿ ನಂಗೆ ಮೂರು ಮಕ್ಕಳುಂಟು. ಅದು ನಿನ್ನ ತಲೆಗೆ ಬಂತಾ? ಬರ್ಲಿಲ್ಲ.” ದನಿ ಗಡುಸಾಗಿತ್ತು, ಅವರು ದೊಡ್ಡಸ್ತಿಕೆಯಿಂದ ಕ್ಷಮಿಸುವ ನಾಟಕವಾಡಲಿಲ್ಲ. ಅವಳು ಇಲ್ಲವೆಂದು ತಲೆಯಾಡಿಸಿದಳು.

ಬಟ್ಟೆಯ ತುಂಡಿನಿಂದ ಗಾಜಿನ ಕೌಂಟರನ್ನು ಒರೆಸುತ್ತ ರವೂಫ್ ಹೇಳಿದರು: “ಸ್ಪಂಜ್ ತುಂಬಿಸಿದ್ದು ನಾನೇ. ಹತ್ತು ಡ್ರಮ್ಮಿಗೂ, ಇದೇ ಕೈಯಲ್ಲಿ. ನಿನ್ನದಕ್ಕೆ ತುಂಬಿಸುವಾಗ ನಂಗೆ ಗೊತ್ತಿತ್ತು, ಇವಳು ಹೊಡೆಯುದಿಲ್ಲ ಅಂತ. ಯಾರಿಗೂ ಹೇಳ್ಲಿಲ್ಲ.” ಆಮೇಲೆ ಅವಳನ್ನು ನೇರ ನೋಡಿ, “ನಿಂತದ್ದು ಮಾತ್ರ ಸರಿ ನಿಂತಿದ್ದಿ ಮಗಳೇ. ಹನ್ನೊಂದು ನಿಮಿಷ. ಭುಜ ಬೀಳ್ಲಿಲ್ಲ,” ಎಂದರು. ಭವ್ಯಶ್ರೀ ಅಳತೊಡಗಿದಳು. ಶೀನಪ್ಪ ಹೊರಗೆ ಹೋಗಿ ಎಲ್ಲರಿಗೂ ಚಹಾ ತಂದರು.

ಇಂಥವರನ್ನು ನಾವು ಹಟಮಾರಿಗಳೆನ್ನುತ್ತೇವೆ, ಅಹಂಕಾರಿಗಳೆನ್ನುತ್ತೇವೆ, ಲೋಕಜ್ಞಾನವಿಲ್ಲದವರೆನ್ನುತ್ತೇವೆ. ಹಾಗೆನ್ನುವುದರಲ್ಲಿ ನಮ್ಮ ಅನುಕೂಲವಿದೆ. ಒಂದು ಕೆಲಸವನ್ನು ಮೈಮನಸ್ಸುಗಳನ್ನೆಲ್ಲ ಕೊಟ್ಟು ಒಮ್ಮೆಯಾದರೂ ಪೂರ್ತಿಯಾಗಿ ಮಾಡಿ ಬಲ್ಲವರಿಗೆ ಅದರ ನಕಲನ್ನು ಮಾಡಲು ಕೈ ಏಳುವುದಿಲ್ಲ. ಅದು ಧೈರ್ಯವೂ ಅಲ್ಲ, ಆದರ್ಶವೂ ಅಲ್ಲ, ಕೈಗೆ ಹತ್ತಿದ ಒಂದು ನೆನಪು. ಅವರ ಕೋಪದ ಬೆಲೆಯನ್ನು ಎಷ್ಟೋ ಸಲ ಅವರಿಗಿಂತ ಬಡವರು ತೆರುತ್ತಾರೆ, ಅದನ್ನರಿತು ಅವರು ಅಳುತ್ತಾರೆ ಕೂಡ. ಆದರೆ ಆ ಬೆಲೆಯನ್ನು ನಿಗದಿ ಮಾಡಿದವರು ಅವರಲ್ಲ. ಅಂಥ ಒಬ್ಬಳು ಮೈದಾನದಲ್ಲಿ ಒಂಟಿಯಾಗಿ ನಿಲ್ಲಬೇಕಾಗುವುದು ವಂಚಿಸುವವರು ಬಹಳ ಮಂದಿ ಇರುವುದರಿಂದಲ್ಲ, ವಂಚನೆಯೆಂದು ತಿಳಿದೂ ಚಪ್ಪಾಳೆ ತಟ್ಟುವ ನನ್ನಂಥ ಸಭ್ಯರು ಎರಡು ಸಾವಿರ ಮಂದಿ ಕುರ್ಚಿಗಳಲ್ಲಿ ಕೂತಿರುವುದರಿಂದ.