ಈ ಕೋಣೆಯ ಮಾತು

"ಆಮೇಲೆ ಆ ಹುಡುಗಿ ಎಂತ ಹೇಳಿದಳು ಗೊತ್ತುಂಟಾ?" ಎಂದು ಕೇಳಿ ವಾರಿಜಾ ಮೈಕನ್ನು ತುಸು ಕೆಳಗಿಳಿಸಿದಳು. ಮಣಿಪಾಲದ ಆ ತಣ್ಣನೆಯ ಸಭಾಂಗಣದಲ್ಲಿ ಬೆಳಗಿನಿಂದ ಫೋನು ನೋಡುತ್ತ ಕೂತಿದ್ದ ಹಿಂದಿನ ಸಾಲಿನವರೂ ತಲೆ ಎತ್ತಿದರು. "ಅಮ್ಮನ ವಿಡಿಯೋ ಕಾಲ್ ಬಂದರೆ ಕ್ಯಾಮರಾ ಹಾಳಾಗಿದೆ ಅಂತ ಸುಳ್ಳು ಹೇಳ್ತಾಳಂತೆ. ಕ್ಯಾಮರಾ ಹಾಳಾಗ್ಲಿಲ್ಲ. ಅದರ ಮೇಲೆ ಅವಳೇ ಗಾಯಕ್ಕೆ ಹಾಕುವ ಪ್ಲಾಸ್ಟರ್ ಅಂಟಿಸಿದ್ದಾಳೆ."

ಸಭೆಯಲ್ಲಿ ಯಾರೋ 'ಅಯ್ಯೋ' ಎಂದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕಣ್ಣೊರೆಸಿಕೊಂಡಳು.

ಶಾಲೆಗಳ ಆಪ್ತಸಮಾಲೋಚಕರಿಗೆಂದು ಏರ್ಪಡಿಸಿದ್ದ ತರಬೇತಿಯ ಕೊನೆಯ ದಿನ ಅದು. ತಾವು ನೋಡಿದ ಒಂದು ಮಗುವಿನ ಸಂಗತಿಯನ್ನು ಪ್ರತಿಯೊಬ್ಬರೂ ಎಲ್ಲರ ಮುಂದೆ ಇಡಬೇಕಿತ್ತು. ವಾರಿಜಾಳಿಗೆ ಮೊದಲ ದಿನದಿಂದಲೇ ಅಳುಕು. ಉಳಿದವರೆಲ್ಲ ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಎಳೆಯರು, ಸೀನುವುದಿದ್ದರೂ ಇಂಗ್ಲಿಷಿನಲ್ಲೇ ಸೀನುವವರು. ಇವಳು ಹೊಲಿಗೆ ಟೀಚರ್. ಶಾಲೆಯಲ್ಲಿ ಹೊಲಿಗೆಯ ಪಿರಿಯಡ್ ರದ್ದಾದಾಗ, "ಮಕ್ಕಳಿಗೆ ನಿಮ್ಮ ಹತ್ತಿರ ಸಲಿಗೆ ಉಂಟಲ್ಲ" ಎಂದು ಮುಖ್ಯೋಪಾಧ್ಯಾಯ ಉಮಾನಾಥರು ಅವಳಿಂದ ಅಂಚೆಯ ಮೂಲಕ ಒಂದು ಡಿಪ್ಲೊಮಾ ಮಾಡಿಸಿ, ಹೊಲಿಗೆ ಯಂತ್ರಗಳಿದ್ದ ಕೋಣೆಯ ಬಾಗಿಲಿಗೆ 'ಆಪ್ತಸಮಾಲೋಚನೆ' ಎಂಬ ಬೋರ್ಡು ಹಾಕಿಸಿದ್ದರು. ತರಬೇತಿಯ ಊಟದ ಹೊತ್ತಿನಲ್ಲಿ ಯಾರಾದರೂ "ನಿಮ್ಮದು ಎಂ.ಎಸ್ಸಿ. ಎಲ್ಲಿ ಆದದ್ದು ಮೇಡಂ?" ಎಂದು ಕೇಳಿದರೆ ವಾರಿಜಾ ಬಾಯಿ ತುಂಬ ಅನ್ನ ಇಟ್ಟುಕೊಂಡು ತಲೆಯಾಡಿಸಿ ಪಾರಾಗುತ್ತಿದ್ದಳು.

ತರಬೇತಿ ನೀಡಲು ಬಂದಿದ್ದ ಡಾಕ್ಟರ್ ಅನಂತಪದ್ಮನಾಭರು ಮೊದಲೇ ಎಚ್ಚರಿಸಿದ್ದರು. ಮಗುವಿನ ಹೆಸರು, ಊರು, ಮನೆಯ ವಿವರ ಬದಲಾಯಿಸಬೇಕು, ಯಾರಿಗೂ ಗುರುತು ಸಿಗಬಾರದು. ವಾರಿಜಾ ಶ್ರದ್ಧೆಯಿಂದಲೇ ಬದಲಾಯಿಸಿದಳು. ಕ್ಯಾರೆನ್ ಸುಮಾ ಆದಳು. ಕಲ್ಯಾಣಪುರ ಕಾರ್ಕಳವಾಯಿತು. ತಾಯಿ ದುಡಿಯುವ ಕುವೈತ್ ಮಸ್ಕತ್ ಆಯಿತು. ಪ್ಲಾಸ್ಟರನ್ನು ಮಾತ್ರ ಬದಲಾಯಿಸಲು ಅವಳಿಗೆ ಮನಸ್ಸು ಬರಲಿಲ್ಲ. ಅದನ್ನು ತೆಗೆದರೆ ಉಳಿಯುವುದು ಒಗ್ಗರಣೆಯಿಲ್ಲದ ಸಾರು.

ಕ್ಯಾರೆನ್ ಒಂಬತ್ತನೆಯ ತರಗತಿಯವಳು. ತಾಯಿ ಶಾರ್ಲೆಟ್ ಐದು ವರ್ಷದಿಂದ ಕುವೈತಿನ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳುತ್ತಿದ್ದಳು. ಇಲ್ಲಿ ತಂದೆ ಮತ್ತು ಅಜ್ಜಿ. ಪಾಠದ ಮಧ್ಯೆ ನಿದ್ದೆ ಹೋಗುತ್ತಾಳೆಂದು ಗಣಿತದ ಟೀಚರು ಹುಡುಗಿಯನ್ನು ವಾರಿಜಾಳ ಬಳಿಗೆ ಕಳಿಸಿದ್ದರು. ಬುಧವಾರ ಬುಧವಾರ ಬಂದು, ಕೈಕಟ್ಟಿ ಕೂತು, ಪಠ್ಯಪುಸ್ತಕದ ಕನ್ನಡದಲ್ಲಿ "ನನಗೆ ಯಾವ ತೊಂದರೆಯೂ ಇಲ್ಲ ಟೀಚರ್" ಎಂದು ಒಪ್ಪಿಸಿ ಎದ್ದು ಹೋಗುತ್ತಿದ್ದಳು. ವಾರಿಜಾ ಅವಳನ್ನು ಒತ್ತಾಯಿಸಲಿಲ್ಲ. ಮೂಲೆಯಲ್ಲಿ ಉಳಿದಿದ್ದ ಒಂದು ಹಳೆಯ ಯಂತ್ರದ ಮುಂದೆ ಕೂರಿಸಿ ಕರ್ಚೀಫಿಗೆ ಅಂಚು ಹೊಲಿಯಲು ಕಲಿಸಿದಳು. ಹೀಗೇ ಮಳೆಗಾಲ ಕಳೆಯಿತು. ದಸರಾ ರಜೆ ಮುಗಿದ ಮೇಲಿನ ಒಂದು ಬುಧವಾರ ಹುಡುಗಿ ಸೂಜಿಯಿಂದ ಕಣ್ಣೆತ್ತದೆ, ಕನ್ನಡ ಬಿಟ್ಟು ತುಳುವಿಗೆ ಇಳಿದು, "ಒಂದು ವಿಷಯ ಉಂಟು. ನೀವು ಯಾರಿಗಾದರೂ ಹೇಳ್ತೀರಾ ಟೀಚರ್?" ಎಂದು ಕೇಳಿದಳು.

"ಈ ಕೋಣೆಯ ಮಾತು ಈ ಕೋಣೆಯಲ್ಲೇ ಇರ್ತದೆ ಮಗಾ" ಎಂದಿದ್ದಳು ವಾರಿಜಾ.

ಆಗ ಹುಡುಗಿ ಹೇಳಿದಳು. ಅಲ್ಲಿ ಕೆಲಸ ಮುಗಿದು ಮಮ್ಮಿಯ ಕಾಲ್ ಬರುವಾಗ ಇಲ್ಲಿ ಎಲ್ಲರೂ ಮಲಗಿರುತ್ತಾರೆ. ಮಾತು ಶುರುವಾಗುವಷ್ಟರಲ್ಲಿ ಒಳಗಿನಿಂದ ಮುದುಕಿ ಕೂಗುತ್ತಾಳೆ. ಮಮ್ಮಿ, ಅಲ್ಲಿ ಯಜಮಾನಿಯನ್ನು ಕರೆಯುವಂತೆ, "ಯೆಸ್ ಮಾಮಾ" ಎಂದು ಫೋನು ಒರಗಿಸಿಟ್ಟು ಓಡುತ್ತಾರೆ. ಆಮೇಲೆ ಕಾಣುವುದು ಯಾರದೋ ಅಡುಗೆಮನೆಯ ಬಿಳಿ ಗೋಡೆ. "ನಾನು ಆ ಗೋಡೆ ನೋಡ್ತಾ ಕೂತಿರ್ತೇನೆ ಟೀಚರ್. ನನಗೆ ಸಿಟ್ಟು ಬರ್ತದೆ. ಬಂದರೆ ಮುಖದಲ್ಲಿ ಕಾಣ್ತದೆ. ಒಮ್ಮೆ ಮಮ್ಮಿ ಅದನ್ನು ನೋಡಿ ತುಂಬಾ ಅತ್ತರು. ಅಲ್ಲಿ ಅವರಿಗೆ ಸಮಾಧಾನ ಹೇಳ್ಲಿಕ್ಕೆ ಯಾರಿದ್ದಾರೆ? ಅದಕ್ಕೆ ಪ್ಲಾಸ್ಟರ್ ಹಾಕಿದೆ. ನನಗೆ ಮಮ್ಮಿ ಕಾಣ್ತಾರೆ. ಅವರಿಗೆ ನನ್ನ ಸಿಟ್ಟು ಕಾಣುವುದಿಲ್ಲ."

ಮಣಿಪಾಲದಲ್ಲಿ ಈ ಕೊನೆಯ ಭಾಗವನ್ನೂ ಹೇಳಬೇಕೆಂದೇ ವಾರಿಜಾ ಸಿದ್ಧಳಾಗಿ ಹೋಗಿದ್ದಳು. ಆದರೆ ಪ್ಲಾಸ್ಟರಿನ ಮಾತಿಗೆ ಸಭೆ ಅಷ್ಟು ಮೌನವಾಗಿಬಿಟ್ಟಿತಲ್ಲ, ಆ ಮೌನದ ರುಚಿ ಅವಳು ಎಂದೂ ಕಂಡದ್ದಲ್ಲ. ಅಷ್ಟರಲ್ಲಿ ಅನಂತಪದ್ಮನಾಭರು ಗಡಿಯಾರ ನೋಡಿ, "ತುಂಬಾ ಚೆನ್ನಾಗಿ ಹೇಳಿದ್ರಿ, ಇಲ್ಲಿಗೇ ನಿಲ್ಲಿಸಿದರೂ ಸಾಕು" ಎಂದರು. ಇನ್ನೊಂದು ಮಾತಿಗೆ ಸಮಯವಿತ್ತು. ಎಂ.ಎಸ್ಸಿ.ಯವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ವಾರಿಜಾ ಮೈಕು ಕೆಳಗಿಟ್ಟಳು.

ಚಹಾಕ್ಕೆ ಗೋಳಿಬಜೆ ಇತ್ತು. ಕಾರ್ಕಳದ ಶಾಲೆಯೊಂದರ ಸಮಾಲೋಚಕಿ ಪ್ಯಾಟ್ರಿಶಿಯಾ ತಟ್ಟೆ ಹಿಡಿದು ಹತ್ತಿರ ಬಂದಳು. ಗುಂಡು ಮುಖದ, ಎಲ್ಲರನ್ನೂ ಮಾತಾಡಿಸುವ ಹೆಂಗಸು.

"ನಿಮ್ಮ ಸುಮಾ ಕಾರ್ಕಳದ ಯಾವ ಶಾಲೆ ಟೀಚರ್? ಅಲ್ಲಿ ನನಗೆ ಗೊತ್ತಿಲ್ಲದ ಮಕ್ಕಳು ಕಡಿಮೆ."

"ಊರು ಬದಲಾಯಿಸಿ ಹೇಳಿದ್ದಲ್ವಾ ಮಾರಾಯ್ರೆ" ಎಂದು ವಾರಿಜಾ ನಕ್ಕಳು. ಚಪ್ಪಾಳೆ ಇನ್ನೂ ತಲೆಯಿಂದ ಇಳಿದಿರಲಿಲ್ಲ.

"ಹಾಗಾದರೆ ಪ್ಲಾಸ್ಟರ್ ಕೂಡ ನೀವು ಸೇರಿಸಿದ್ದಾ?"

"ಪ್ಲಾಸ್ಟರ್ ಸತ್ಯ. ಅಂಥದ್ದನ್ನು ನಾವು ಹುಟ್ಟಿಸ್ಲಿಕ್ಕೆ ಆಗ್ತದಾ?"

ಪ್ಯಾಟ್ರಿಶಿಯಾ ಕಚ್ಚಿದ ಗೋಳಿಬಜೆಯನ್ನು ತಟ್ಟೆಯಲ್ಲಿಟ್ಟಳು. "ನಿಮ್ಮ ಶಾಲೆ ಸಂತೆಕಟ್ಟೆಯಲ್ಲಿ ಅಲ್ವಾ?" ಎಂದು ಕೇಳಿ, ಹೌದೆಂದ ಮೇಲೆ, "ನನ್ನ ತಾಯಿಮನೆ ಅಲ್ಲೇ ಪಕ್ಕ, ಕಲ್ಯಾಣಪುರ" ಎಂದಳು.

ವಾರಿಜಾಳ ಬಾಯಿಯ ಚಹಾ ಸಪ್ಪೆಯಾಯಿತು. ಈ ಜಿಲ್ಲೆಯಲ್ಲಿ ಪ್ರತಿ ಹೆಂಗಸಿಗೂ ಎರಡೆರಡು ಊರು, ಹುಟ್ಟಿದ್ದೊಂದು, ಸೇರಿದ್ದೊಂದು. ಸ್ವತಃ ಹೂಡೆಯಲ್ಲಿ ಹುಟ್ಟಿ ಕಾಪುವಿಗೆ ಸೊಸೆಯಾಗಿ ಹೋದವಳಿಗೆ ಇದು ತಿಳಿಯದ್ದೇನಲ್ಲ. ಆದರೂ ಕಾರ್ಕಳವೆಂದರೆ ಯಾವುದೋ ದೂರದ ಸೀಮೆ ಎಂಬಂತೆ ಹುಡುಗಿಯನ್ನು ಅಲ್ಲಿ ಬಚ್ಚಿಟ್ಟು ಬಂದಿದ್ದಳು. 'ದಯವಿಟ್ಟು ಯಾರಲ್ಲೂ ಹೇಳಬೇಡಿ' ಎಂದು ಆಗಲೇ ಕೇಳಬಹುದಿತ್ತು. ಕೇಳಿದರೆ ತಪ್ಪು ಒಪ್ಪಿಕೊಂಡಂತೆ. ಒಳ್ಳೆಯ ಹೆಸರು ಬಂದು ಅರ್ಧ ಗಂಟೆಯೂ ಆಗಿರಲಿಲ್ಲ. ಅವಳು ಚಟ್ನಿ ಖಾರವಾಗಿದೆ ಎಂದೇನೋ ಹೇಳಿ ಆಚೆ ಸರಿದಳು. ಸಂಜೆ ಉಡುಪಿಯಲ್ಲಿ ಬಸ್ಸು ಬದಲಾಯಿಸಿ ಕಾಪುವಿನಲ್ಲಿ ಇಳಿಯುವವರೆಗೂ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕಲ್ಯಾಣಪುರದಲ್ಲಿ ಎಷ್ಟು ಮನೆ, ಗಲ್ಫಿನಲ್ಲಿ ಎಷ್ಟು ತಾಯಂದಿರು.

ಸೋಮವಾರ ಉಮಾನಾಥರು ಪ್ರಾರ್ಥನೆಯ ಹೊತ್ತಿನಲ್ಲೇ ಅವಳನ್ನು ಹೊಗಳಿದರು. "ನಮ್ಮ ವಾರಿಜಾ ಟೀಚರ್ ಮಣಿಪಾಲದಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾತನಾಡಿದ್ದಾರೆ" ಎಂದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಹುಡುಗಿಯರ ಸಾಲಿನಲ್ಲಿ ಕ್ಯಾರೆನ್ ಕೂಡ ತಟ್ಟಿದಳು. ಅದನ್ನು ನೋಡಿ ವಾರಿಜಾಳಿಗೆ ಹಾಯೆನಿಸಿತು. ಹುಡುಗಿಗೆ ಏನೂ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.

ಆ ಬುಧವಾರ ಕ್ಯಾರೆನ್ ಬರಲಿಲ್ಲ. ಯಂತ್ರದ ಮೇಲೆ ಅರ್ಧ ಹೊಲಿದ ಕರ್ಚೀಫು ಹಾಗೇ ಇತ್ತು. ಮಧ್ಯಾಹ್ನ ಫೋನು ಬಂದದ್ದು ಪ್ಯಾಟ್ರಿಶಿಯಾಳದು.

"ಟೀಚರ್, ನಿಮಗೆ ಹೇಳದಿದ್ದರೆ ಸರಿಯಾಗುವುದಿಲ್ಲ. ಶಾರ್ಲೆಟ್ ನನ್ನ ಚಿಕ್ಕಪ್ಪನ ಮಗಳು. ಆ ಫೋನಿನ ಕ್ಯಾಮರಾ ಯಾವಾಗ ಸರಿಯಾಗ್ತದೆ, ಒಮ್ಮೆ ಹೋಗಿ ನೋಡು ಅಂತ ನನ್ನ ಜೀವ ತಿನ್ತಾ ಇದ್ದಳು. ಪ್ಲಾಸ್ಟರ್ ಸತ್ಯ ಅಂತ ನೀವು ಅಂದ ಕೂಡಲೇ ನನಗೆ ಗೊತ್ತಾಯಿತು."

"ನೀವು ಅವಳಿಗೆ ಹೇಳಿದ್ರಾ?"

"ಹೇಳದೆ ಹೇಗೆ ಇರ್ಲಿ? ತಾಯಿ ಅಲ್ವಾ. ಮಗಳು ದೂರ ಆಗ್ತಾ ಇದ್ದಾಳೆ ಅಂತ ಯಾರಾದರೂ ಹೇಳಬೇಕಲ್ಲ." ಪ್ಯಾಟ್ರಿಶಿಯಾಳ ದನಿ ಇಳಿಯಿತು. "ಆದರೆ ಇಷ್ಟು ಆಗ್ತದೆ ಅಂತ ನಾನು ಎಣಿಸ್ಲಿಲ್ಲ. ನಿನ್ನೆ ನಾನು ಹೇಳಿದ ಕೂಡಲೇ ಶಾರ್ಲೆಟ್ ಕಾಲ್ ಮಾಡಿ, 'ನಿನ್ನ ಮುಖ ನೋಡ್ಲಿಕ್ಕೆ ಅಂತ ನಾನು ಇಲ್ಲಿ ಬದುಕಿದ್ದು, ಅದನ್ನೇ ನನ್ನಿಂದ ಅಡಗಿಸಿದೆಯಾ' ಅಂತ ಕೇಳಿದಳಂತೆ. ಹುಡುಗಿ ಒಂದು ಮಾತೂ ಆಡ್ಲಿಲ್ಲವಂತೆ. ಅಜ್ಜಿ ಬಂದು ಫೋನು ತಗೊಂಡರಂತೆ."

"ಅದು ಹಾಗಲ್ಲ" ಎಂದಳು ವಾರಿಜಾ. "ತಾಯಿಯ ಮೇಲೆ ಬೇಸರ ಅಂತ ಅಲ್ಲ ಪ್ಯಾಟ್ರಿಶಿಯಾ. ತನ್ನ ಸಿಟ್ಟು ನೋಡಿ ತಾಯಿ ಅಳಬಾರದು ಅಂತ. ಅಲ್ಲಿ ಅವಳಿಗೆ ಯಾರೂ ಇಲ್ಲ ಅಂತ. ಹುಡುಗಿ ಹಾಗೇ ಹೇಳಿದ್ದು."

"ಅದನ್ನು ನೀವು ಅಲ್ಲಿ ಹೇಳ್ಲಿಲ್ಲ ಅಲ್ವಾ ಟೀಚರ್" ಎಂದಳು ಪ್ಯಾಟ್ರಿಶಿಯಾ. ದನಿಯಲ್ಲಿ ಆರೋಪವೇನೂ ಇರಲಿಲ್ಲ.

ವಾರಿಜಾ ಫೋನು ಇಟ್ಟಳು. ಪ್ಯಾಟ್ರಿಶಿಯಾಳ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ. ಅವಳು ಕೇಳಿದ್ದನ್ನು ಕೇಳಿದಂತೆ ಹೇಳಿದ್ದಳು. ಅರ್ಧಕ್ಕೆ ಕತ್ತರಿಸಿದವಳು ತಾನು. ಮಗುವೊಂದು ತಾಯಿಯ ಮೇಲಿನ ಪ್ರೀತಿಯಿಂದ ಮಾಡಿದ್ದನ್ನು ತಾಯಿಯನ್ನೇ ಇರಿಯುವ ಹಾಗೆ ಮಾಡಿಟ್ಟದ್ದು ತಾನು, ಅದೂ ಒಂದು ಚಪ್ಪಾಳೆಗೆ. ಅವಳಿಗೆ ನಾಚಿಕೆಯಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಆಡದೆ ಉಳಿಸಿದ ಮಾತೇ ಎಲ್ಲವನ್ನೂ ಕೆಡಿಸಿತ್ತು.

ಮುಂದಿನ ಬುಧವಾರ ಕ್ಯಾರೆನ್ ಬಂದಳು. ತರಗತಿಯ ಟೀಚರು ಕಳಿಸಿದ್ದಕ್ಕೆ ಬಂದಿದ್ದಳು. ಯಂತ್ರದ ಕಡೆ ಹೋಗದೆ ಮೇಜಿನ ಎದುರಿನ ಕುರ್ಚಿಯಲ್ಲಿ ಕೈಕಟ್ಟಿ ಕೂತಳು. ವಾರಿಜಾ ತುಳುವಿನಲ್ಲಿ ಹೇಗಿದ್ದೀ ಎಂದು ಕೇಳಿದಳು. ಹುಡುಗಿ ಕನ್ನಡದಲ್ಲಿ, "ನಾನು ಚೆನ್ನಾಗಿದ್ದೇನೆ ಟೀಚರ್" ಎಂದಳು.

"ನನ್ನಿಂದ ತಪ್ಪಾಯ್ತು ಮಗಾ. ಈ ಕೋಣೆಯ ಮಾತನ್ನು ನಾನು ಹೊರಗೆ ಹೇಳಿದೆ. ಹೇಳಿದ್ದನ್ನೂ ಪೂರ್ತಿ ಹೇಳ್ಲಿಲ್ಲ."

"ಪರವಾಗಿಲ್ಲ ಟೀಚರ್."

"ನೀನು ಬೈದರೂ ಸರಿ."

ಕ್ಯಾರೆನ್ ಉಗುರು ನೋಡಿಕೊಂಡಳು. ಹೊರಗೆ ಆಟದ ಮೈದಾನದಲ್ಲಿ ಪಿ.ಟಿ. ಸರ್ ಸೀಟಿ ಊದುತ್ತಿದ್ದರು.

"ನೀನು ಯಾಕೆ ಹಾಗೆ ಮಾಡಿದ್ದು ಅಂತ ನಿನ್ನ ಮಮ್ಮಿಗೆ ನಾನು ಹೇಳ್ತೇನೆ. ಇವತ್ತೇ ಕಾಲ್ ಮಾಡ್ತೇನೆ. ಎಲ್ಲ ಬಿಡಿಸಿ ಹೇಳಿದರೆ ಅವರಿಗೆ ಅರ್ಥ ಆಗ್ತದೆ."

ಹುಡುಗಿ ಆಗ ತಲೆ ಎತ್ತಿದಳು. "ಬೇಡ ಟೀಚರ್. ನೀವು ಯಾರಿಗೂ ಎಂತದೂ ಹೇಳುವುದು ಬೇಡ."

ಅಷ್ಟು ಮೆಲ್ಲಗೆ, ಅಷ್ಟು ಮರ್ಯಾದೆಯಿಂದ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ವಾರಿಜಾಳಿಗೆ. ಅವಳು ಎದ್ದು ಹೋಗಿ ಯಂತ್ರದ ಮೇಲಿದ್ದ ಕರ್ಚೀಫು ತಂದು ಮೇಜಿನ ಮೇಲಿಟ್ಟಳು. "ಇದೊಂದು ಬದಿ ಬಾಕಿ ಉಂಟು" ಎಂದಳು. ಕ್ಯಾರೆನ್ ಅದನ್ನು ನೋಡಿದಳು, ಮುಟ್ಟಲಿಲ್ಲ.

"ಮಮ್ಮಿ ಈಗ ಕಾಲ್ ಮಾಡ್ತಾರಾ?" ಎಂದು ವಾರಿಜಾ ಕೇಳಿದಳು. ಕೇಳುವ ಹಕ್ಕು ತನಗಿಲ್ಲವೆಂದು ಗೊತ್ತಿದ್ದೂ ಕೇಳಿದಳು.

"ದಿನಾ ಮಾಡ್ತಾರೆ. ಪ್ಲಾಸ್ಟರ್ ತೆಗೆದಿದ್ದೇನೆ. ಮಮ್ಮಿಗೆ ಈಗ ಸರಿಯಾಗಿ ಕಾಣ್ತದೆ."

"ಅವರು ಮಧ್ಯದಲ್ಲಿ ಎದ್ದು ಹೋಗುವಾಗ?"

"ಏನೂ ತೊಂದರೆ ಇಲ್ಲ ಟೀಚರ್. ಕನ್ನಡಿ ನೋಡಿ ಅಭ್ಯಾಸ ಮಾಡಿದೆ. ಅವರು ವಾಪಸ್ ಬರುವವರೆಗೂ ಹೀಗೇ ಇರ್ತೇನೆ."

ಹೀಗೆ ಎಂದರೆ ಹೇಗೆ ಎಂದು ವಾರಿಜಾ ಕೇಳಲಿಲ್ಲ. ಕೇಳದಿದ್ದರೂ ಹುಡುಗಿ ತೋರಿಸಿದಳು. ತುಟಿ ಸ್ವಲ್ಪ ಅಗಲವಾಯಿತು, ಕೆನ್ನೆ ಮೇಲೆದ್ದಿತು, ಮುಂದಿನ ಹಲ್ಲುಗಳ ತುದಿ ಕಂಡಿತು. ಒಳ್ಳೆಯ ನಗು. ಯಾವ ತಾಯಿಯಾದರೂ ನೋಡಿ ನೆಮ್ಮದಿಯಿಂದ ನಿದ್ದೆ ಮಾಡಬಹುದಾದ ನಗು.

ಬೆಲ್ಲು ಹೊಡೆಯಿತು. "ನಾನು ಹೋಗಬಹುದಾ ಟೀಚರ್?" ಎಂದು ಕೇಳಿ, ಕುರ್ಚಿಯನ್ನು ಸದ್ದಾಗದಂತೆ ಮೇಜಿನ ಕೆಳಗೆ ತಳ್ಳಿ, ಕ್ಯಾರೆನ್ ಹೊರಗೆ ಹೋದಳು. ವಾರಿಜಾ ಕಿಟಕಿಯ ಬಳಿ ನಿಂತು ನೋಡಿದಳು. ಜಗಲಿಯಲ್ಲಿ ಗೆಳತಿಯರು ಕರೆದರು, ಎದುರಿಗೆ ಉಮಾನಾಥರು ಬಂದರು, ಪಿ.ಟಿ. ಸರ್ ಏನೋ ಕೇಳಿದರು. ಹುಡುಗಿ ಎಲ್ಲರಿಗೂ ಉತ್ತರ ಕೊಡುತ್ತ, ಮೆಟ್ಟಿಲಿಳಿದು ತರಗತಿಯ ಬಾಗಿಲಲ್ಲಿ ಮರೆಯಾಗುವವರೆಗೂ, ಮುಖದ ಮೇಲಿನ ಆ ನಗುವನ್ನು ಇಳಿಸಲೇ ಇಲ್ಲ.