ಒಂಬತ್ತನೇ ಕುರ್ಚಿಯ ಬಿಸಿ ಚಾಕೊಲೇಟ್

ಬೂಟಿನ ತಳದಿಂದ ಚಳಿ ಹತ್ತುತ್ತಿದೆ, ಈರಿ ಸರೋವರದ ಗಾಳಿಗೆ ಮುಖ ಮರಗಟ್ಟಿದೆ, ರಾಷ್ಟ್ರಗೀತೆ ಇನ್ನೂ ಮುಗಿದಿಲ್ಲ — ಒಡೆಸ್ಸಾ ಎದೆಯ ಮೇಲಿಟ್ಟ ಕೈ ತೆಗೆದಿಲ್ಲ, ಕೆಳಗೆ ಫುಟ್‌ಬಾಲ್ ಮೈದಾನದಂಚಿನಲ್ಲಿ ಮಗ ಆಂಟ್ವಾನ್ ಒಂದು ಮಂಡಿ ಹುಲ್ಲಿಗೂರಿದ್ದಾನೆ, ತಂಡವೆಲ್ಲ ನಿಂತಿರುವಾಗ ಅಷ್ಟು ದೊಡ್ಡ ಆಳು ಎಷ್ಟು ಚಿಕ್ಕವನಾಗಿ ಕಾಣುತ್ತಾನೆ, ಏಳೋ ಮೇಲೆ ಅಂತ ಹಿಂದಿನ ಸಾಲಿನವನೊಬ್ಬ, ದೇಶ ಬಿಟ್ಟು ತೊಲಗು ಅಂತ ಇನ್ನೊಬ್ಬ, ಎಲ್ಲಿಗೆ ತೊಲಗಬೇಕಪ್ಪಾ, ಅವನನ್ನು ಹೆತ್ತದ್ದು ಇದೇ ಕ್ಲೀವ್‌ಲ್ಯಾಂಡಿನಲ್ಲಿ, ಇಲ್ಲಿಂದ ಎರಡು ಮೈಲಿ. ನೀನು ನಿಂತ್ಕೋಮ್ಮ, ಅಪ್ಪ ಸೈನ್ಯದಲ್ಲಿದ್ದೋರು, ನಾನು ಕೋರಿಗೋಸ್ಕರ ಮಂಡಿಯೂರ್ತೀನಿ ಅಂದಿದ್ದ ಮಗ — ಕೋರಿ, ಅವಳು ಓಡಿಸುವ ಶಾಲೆ ಬಸ್ಸಿನಲ್ಲಿ ಆಂಟ್ವಾನನ ಪಕ್ಕ ಕೂತು ದಾರಿಯುದ್ದಕ್ಕೂ ಅವಳ ತಲೆ ತಿನ್ನುತ್ತಿದ್ದ ಹುಡುಗ, ಬೆಳೆದು ಕಾರು ಕೊಂಡ, ಹಿಂದಿನ ದೀಪ ಕೆಟ್ಟಿದೆಯೆಂದು ಪೊಲೀಸರು ತಡೆದರು, ಲೈಸೆನ್ಸ್ ತೆಗೆಯಲು ಜೇಬಿಗೆ ಕೈ ಹಾಕಿದ, ಕಪ್ಪು ಹುಡುಗ, ಬಂದೂಕು ತೆಗೆಯುತ್ತಾನೆಂದು ಗುಂಡು ಹೊಡೆದರು, ಸತ್ತ, ಅಷ್ಟೇ.

ಗೀತೆ ಮುಗಿಯಿತು, ಕೂಗು ಮುಗಿದಿಲ್ಲ, ಪಕ್ಕದ ಎಂಟನೇ ಕುರ್ಚಿಯ ವಾಲ್ಟ್ ಜಿಮರ್ ಟೋಪಿ ಹಾಕಿಕೊಂಡು ಕೂರುತ್ತಾನೆ, ಈ ಕಡೆ ನೋಡುವುದಿಲ್ಲ, ಹದಿನಾರು ವರ್ಷದಿಂದ ಪ್ರತಿ ಪಂದ್ಯಕ್ಕೂ ಇದೇ ಕುರ್ಚಿಯಲ್ಲಿ ಪಕ್ಕದಲ್ಲೇ ಕೂತವನು, ಅವಳ ಗಂಡನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಬಿಸಿ ಚಾಕೊಲೇಟ್ ಮಾರುವವನು ಈ ಸಾಲಿನ ಒಳಗೆ ಬರುವುದಿಲ್ಲ, ಮೆಟ್ಟಿಲ ಬಳಿ ನಿಂತು ಲೋಟ ಕೊಡುತ್ತಾನೆ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿ ಬರಬೇಕು, ಹೋದ ಭಾನುವಾರ ಏಳನೇ ಕುರ್ಚಿಯವಳು ನೀಡಿದಳು, ವಾಲ್ಟ್ ಜೇಬಿನಿಂದ ಕೈ ತೆಗೆಯಲಿಲ್ಲ, ಲೋಟ ಬಂದ ದಾರಿಯಲ್ಲೇ ವಾಪಸು ಹೋಯಿತು, ಸಾಲಿಗೆ ಸಾಲೇ ನೋಡಿತು, ಥೂ, ಆ ಅವಮಾನ ಇನ್ನೂ ಮಾಸಿಲ್ಲ. ಆಟಗಾರರ ಮನೆಯವರ ಗಾಜಿನ ಕೋಣೆಗೆ ಬಾಮ್ಮ, ಅಲ್ಲಿ ಯಾರೂ ಬಯ್ಯಲ್ಲ ಅಂತಾನೆ ಮಗ, ಇವತ್ತೂ ಲೋಟ ಬರದಿದ್ದರೆ ಈ ಕುರ್ಚಿ ಬಿಟ್ಟುಕೊಟ್ಟೇನು, ಬಿಡಲು ಮನಸ್ಸಿಲ್ಲ, ಇದು ನನ್ನ ಜಾಗ.

ಕೈ ಎತ್ತುತ್ತಾಳೆ, ಒಂದು ಬಿಸಿ ಚಾಕೊಲೇಟ್, ಲೋಟ ಹೊರಟಿತು, ಒಂದನೇ ಕುರ್ಚಿ, ಎರಡು, ಮೂರು, ನಾಲ್ಕು, ಐದನೆಯವನು ತುಸು ಚೆಲ್ಲಿದ, ಸಾರಿ ಕಣಮ್ಮ, ಆರು, ಏಳು — ವಾಲ್ಟ್ ತೆಗೆದುಕೊಂಡ, ತೊಡೆಯ ಮೇಲಿಟ್ಟುಕೊಂಡ, ಕೊಡುತ್ತಿಲ್ಲ. ನಿನ್ನ ಮಗ ಮಾಡೋದು ನಂಗೆ ಸರಿ ಕಾಣಲ್ಲ, ಒಡೆಸ್ಸಾ, ಅಂದ, ಲೋಟಕ್ಕೇ ಹೇಳಿದ ಹಾಗೆ. ಗೊತ್ತು, ಅಂದಳು. ಯಾಕೆ ಮಾಡ್ತಾನೆ ಅಂತ ನಾನು ಕೇಳೇ ಇಲ್ಲ, ಕೇಳ್ಬೇಕಾಗಿತ್ತು, ಅಂದ ವಾಲ್ಟ್. ಈಗ ಕೇಳು. ಯಾರು ಆ ಹುಡುಗ, ಕೋರಿ ಅಂತಾರಲ್ಲ. ನನ್ನ ಬಸ್ಸಲ್ಲಿ ಬರ್ತಿದ್ದ, ಆಂಟ್ವಾನನ ಪಕ್ಕ ಕೂರ್ತಿದ್ದ — ವಾಲ್ಟ್ ಲೋಟ ಚಾಚಿದ್ದಾನೆ, ಹೇಳು, ಕೇಳ್ತಿದೀನಿ, ಅವಳು ಹಿಡಿದಳು, ಅವನಿನ್ನೂ ಬಿಟ್ಟಿಲ್ಲ, ಸುಕ್ಕುಗಟ್ಟಿದ ಬಿಳಿಯ ಬೆರಳು, ಅವುಗಳ ಮೇಲೆ ಅವಳ ಕಪ್ಪು ಬೆರಳು, ನಡುವೆ ಲೋಟ, ಇನ್ನೂ ಬಿಸಿಯಾಗಿದೆ.