ಮುಚ್ಚಿದ್ದೋ ತೆರೆದದ್ದೋ

"ನಿನ್ನಿಷ್ಟ" ಎಂದು ಹೇಳಿ ಅವನು ಷೂ ಲೇಸು ಕಟ್ಟಲು ಬಗ್ಗಿದ. ಬಗ್ಗಿದರೆ ಮುಖ ತೋರಿಸಬೇಕಾಗಿಲ್ಲ.

"ನನ್ನಿಷ್ಟ ಏನು ಅಂತ ನನಗೆ ಗೊತ್ತು," ಬಾಗಿಲ ಬಳಿ ನಿಂತಿದ್ದ ಹೆಂಡತಿ ಅಂದಳು. "ಹೋಗು ಅಂತಾದ್ರೂ ಹೇಳಿ, ಬೇಡ ಅಂತಾದ್ರೂ ಹೇಳಿ. ನಾನೂ ಬರ್ತೀನಿ ಅಂದ್ರೂ ಆಯ್ತು. ಸಂಜೆಯೊಳಗೆ ಆಸ್ಪತ್ರೆಗೆ ತಿಳಿಸಬೇಕು."

"ಸಂಜೆಗೆ ಇನ್ನೂ ಹೊತ್ತಿದೆಯಲ್ಲ."

"ಈಗ ಎಲ್ಲಿಗೆ ಹೊರಟ್ರಿ?"

"ಹೆಡ್‌ಫೋನ್ ನೋಡ್ಕೊಂಡು ಬರ್ತೀನಿ. ಮನೇಲಿ ಕೂತು ಕೇಳೋಕೆ."

"ಏನು ಕೇಳೋಕೆ?"

"ಹೀಗೇ, ಸಂಗೀತ" ಅಂದು ಮೆಟ್ಟಿಲಿಳಿದ.

ಅವಳು ಕಣ್ಣಿನ ಆಸ್ಪತ್ರೆಯಲ್ಲಿ ನರ್ಸು. ಆಸ್ಪತ್ರೆಯವರು ಬೇರೊಂದು ಊರಿನಲ್ಲಿ ಶಾಖೆ ತೆರೆಯುತ್ತಿದ್ದರು, ಅಲ್ಲಿಗೆ ಇವಳೇ ಹಿರಿಯ ನರ್ಸಾಗಿ ಬರಲಿ ಎಂದಿದ್ದರು. ಒಂದು ಹಗಲಿಡೀ ರೈಲಿನಲ್ಲಿ ಕೂತರೆ ಸಿಗುವ ಊರು. ಅವನು ಬಾಯಿಬಿಡದಿದ್ದರೆ ಅವಳು ಹೋಗುತ್ತಾಳೆ, ಹಾಗೆ ಹೋದವಳು ಮತ್ತೆ ಬರುವುದಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದರೂ ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ದವಡೆಯ ಹಾಗೆ, ಮುಟ್ಟಿದರೆ ಮುಟ್ಟಿದ್ದು ಮಾತ್ರ ತಿಳಿಯುತ್ತಿತ್ತು.

ಅವನು ಕಾಲೇಜಿನಲ್ಲಿ ತರ್ಕಶಾಸ್ತ್ರದ ಅಧ್ಯಾಪಕ. ಎರಡು ವಾಕ್ಯ ಕೊಟ್ಟರೆ ಮೂರನೆಯದನ್ನು ಬೋರ್ಡಿನ ಮೇಲೆ ಥಟ್ಟನೆ ಬರೆದು ತೋರಿಸುತ್ತಾನೆ. ಬಾಯಲ್ಲಿ ಮಾತ್ರ ಎಲ್ಲವೂ ಅಡ್ಡಗೋಡೆಯ ಮೇಲೆ ದೀಪ. ಸಹೋದ್ಯೋಗಿಗಳು ಅವನಿಗೆ ಅಲ್ಪವಿರಾಮ ಎಂದು ಹೆಸರಿಟ್ಟಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು, ಬೇಜಾರೇನೂ ಆಗಿರಲಿಲ್ಲ.

ಹೆಡ್‌ಫೋನಿನ ವಿಚಾರದಲ್ಲಿ ಮಾತ್ರ ಅವನು ಆರೇಳು ತಿಂಗಳಿಂದ ಕಷ್ಟಪಟ್ಟು ಓದಿದ್ದ. ಯಾವುದರ ಬೇಸ್, ಅಂದರೆ ತಗ್ಗು ನಾದ, ಗಟ್ಟಿ, ಯಾವುದು ಕಿವಿಗೆ ಭಾರ, ಯಾವುದರಲ್ಲಿ ಹಾಡುವವರು ಎದುರಿಗೇ ಕೂತಂತೆ ಕೇಳಿಸುತ್ತದೆ, ಎಲ್ಲ ಬಾಯಿಪಾಠ. ಈ ಓದಿನ ಗಡಿಬಿಡಿಯಲ್ಲಿ ಒಂದು ಹಾಡನ್ನಾದರೂ ಪೂರ್ತಿ ಕೇಳಿದ್ದು ನೆನಪಿಲ್ಲ.

ರಜೆಯ ದಿನ, ಅಂಗಡಿ ಖಾಲಿ. ಗಾಜಿನ ಬಾಗಿಲ ಹಿಂದೆ ಸಣ್ಣದೊಂದು ಕೋಣೆ, ಗೋಡೆಗೆಲ್ಲ ಬೂದುಬಣ್ಣದ ಮೆತ್ತೆ. ಸೇಲ್ಸ್‌ಮನ್ ಆಕಳಿಕೆ ನುಂಗಿಕೊಂಡು ಎದ್ದುಬಂದ. ಮಾತಿಗೆ ಹಸಿದವನಂತಿದ್ದ.

"ಮನೇಲಿ ಕೇಳೋಕಾ ಸರ್? ಹಾಗಾದ್ರೆ ಮೊದಲು ಒಂದು ಹೇಳಿ. ಮುಚ್ಚಿದ್ದು ಬೇಕಾ, ತೆರೆದದ್ದು ಬೇಕಾ?"

"ಅಂದ್ರೆ, ವ್ಯತ್ಯಾಸ ಗೊತ್ತು, ಆದರೆ..."

"ತೆರೆದದ್ದಾದ್ರೆ ಹಾಡಿನ ಜೊತೆ ಮನೆಯ ಸದ್ದೂ ಕೇಳುತ್ತೆ. ಮುಚ್ಚಿದ್ದಾದ್ರೆ ಏನೂ ಕೇಳಲ್ಲ. ಯಾರಾದ್ರೂ ಕರೆದ್ರೆ ನಿಮಗೆ ಕೇಳಿಸಬೇಕಾ, ಬೇಡ್ವಾ?"

ಅವನು ಗೋಡೆಯ ಮೆತ್ತೆಯನ್ನು ನೋಡಿದ. "ಯಾವುದಾದರೂ ಆಗುತ್ತೆ."

"ಹಾಗಂದ್ರೆ ಹೇಗೆ ಸರ್. ಕಿವಿ ನಿಮ್ದು, ನಿಮ್ಮಿಷ್ಟ." ಸೇಲ್ಸ್‌ಮನ್ ನಕ್ಕ. "ಮದುವೆ ಆದವರೆಲ್ಲ ಮುಚ್ಚಿದ್ದೇ ತಗೊಳ್ಳೋದು. ಆಮೇಲೆ ಮನೇಲಿ ಜಗಳವೇ ಇಲ್ಲ, ಕಂಪನಿಗೆ ಒಳ್ಳೆ ಹೆಸರು."

ಅವನೂ ನಗಬೇಕಾಗಿತ್ತು, ನಕ್ಕ.

ಒಂದೊಂದಾಗಿ ಕಿವಿಗೇರಿಸಿದ. ಅಂಗಡಿಯವರ ಹಾಡು ಎಲ್ಲದರಲ್ಲೂ ಚೆನ್ನಾಗಿಯೇ ಇತ್ತು. ಚೆನ್ನಾಗಿದೆ ಅನ್ನುವುದರಾಚೆ ಏನೂ ಹೊಳೆಯಲಿಲ್ಲ.

"ನಮ್ಮ ಹಾಡಲ್ಲಿ ಗೊತ್ತಾಗಲ್ಲ ಸರ್. ನಿಮಗೆ ಚೆನ್ನಾಗಿ ಪರಿಚಯ ಇರೋ ಧ್ವನಿ ಏನಾದ್ರೂ ಹಾಕಿ. ಆಗ ವ್ಯತ್ಯಾಸ ಸಿಗುತ್ತೆ."

ಅವನು ಫೋನ್ ತೆರೆದ. ಹಾಡುಗಳಿರಲಿಲ್ಲ. ಇದ್ದದ್ದೆಲ್ಲ ಹೆಂಡತಿಯ ಧ್ವನಿಸಂದೇಶಗಳು. ಅವಳ ಪಾಳಿ ಮುಗಿಯುವಾಗ ಇವನ ತರಗತಿ ಶುರು, ಸಂಸಾರವೆಲ್ಲ ಹೀಗೆ ಫೋನಿನಲ್ಲೇ ನಡೆದಿತ್ತು. ಅವಳು ಯಾವಾಗಲೂ ಕೆಲಸದ ಮಾತನ್ನು ಮೊದಲು ಹೇಳುತ್ತಾಳೆ. ಹಾಲು, ಗ್ಯಾಸು, ಇಸ್ತ್ರಿಗೆ ಕೊಟ್ಟ ಬಟ್ಟೆ. ಕೆಲಸ ಏನೆಂದು ತಿಳಿದ ಕೂಡಲೇ ಅವನು ನಿಲ್ಲಿಸುತ್ತಾನೆ. ತಂದುಕೊಡುವುದನ್ನು ಒಮ್ಮೆಯೂ ತಪ್ಪಿಸಿದವನಲ್ಲ. ಕಳೆದ ಚಳಿಗಾಲದ್ದೊಂದನ್ನು ಒತ್ತಿದ.

"ರೀ, ಹಾಲು ಒಡೆದಿದೆ, ಬರುವಾಗ ತನ್ನಿ."

ಬೆರಳು ಅಭ್ಯಾಸದಂತೆ ನಿಲ್ಲಿಸಲು ಹೋಯಿತು. ಅಷ್ಟರಲ್ಲಿ ಸೇಲ್ಸ್‌ಮನ್ ಫೋನನ್ನು ಮೇಜಿನ ಮೇಲೆ ಸರಿಸಿ, ಕೇಳಿ ಕೇಳಿ ಎಂದು ಸನ್ನೆ ಮಾಡಿದ. ಧ್ವನಿ ಮುಂದುವರಿಯಿತು. ನಲ್ಲಿ ತೊಟ್ಟಿಕ್ಕುವ ಸದ್ದು. ಪಾತ್ರೆಯೊಂದನ್ನು ಕೆಳಗಿಟ್ಟದ್ದು. ಆಮೇಲೆ ತೀರ ಹತ್ತಿರದಿಂದ, ಕಿವಿಯೊಳಗೇ ಬಂದು ಕೂತಂತೆ: "ಇವತ್ತು ಸ್ವಲ್ಪ ಬೇಗ ಬರ್ತೀರಾ? ಕೆಲಸ ಏನಿಲ್ಲ. ಮನೇಲಿ ಒಬ್ಬಳೇ ಇರೋಕೆ ಆಗ್ತಿಲ್ಲ."

ಅವನು ಇನ್ನೊಂದನ್ನು ಒತ್ತಿದ. ಗ್ಯಾಸು ಮುಗಿದಿತ್ತು. ಅದರಾಚೆ ಅವಳು ಏನೋ ನೆನೆದು ನಕ್ಕಿದ್ದಳು, "ಬನ್ನಿ, ಹೇಳ್ತೀನಿ" ಅಂದಿದ್ದಳು. ಏನೆಂದು ಅವನು ಕೇಳಿರಲಿಲ್ಲ, ಅವಳು ಹೇಳಿರಲೂ ಇಲ್ಲ. ಮತ್ತೊಂದು. ಮತ್ತೊಂದು. ಪ್ರತಿಯೊಂದಕ್ಕೂ ಅವನು ಕೇಳದೇ ಬಿಟ್ಟ ಬಾಲವಿತ್ತು. ಹೆಡ್‌ಫೋನನ್ನು ಕಿವಿಯಿಂದ ಸರಿಸಿದ.

"ಹೇಗಿದೆ ಸರ್?"

"ಬೇಸ್ ಸ್ವಲ್ಪ ಜಾಸ್ತಿ ಅನ್ನಿಸುತ್ತೆ," ಅಂದ. "ಆದರೂ ಪರವಾಗಿಲ್ಲ. ಇದೇ ಇರಲಿ."

"ಮುಚ್ಚಿದ್ದು," ಸೇಲ್ಸ್‌ಮನ್ ಕಣ್ಣು ಮಿಟುಕಿಸಿ ಡಬ್ಬಿ ತರಲು ಹೋದ.

ಮನೆಗೆ ಬಂದಾಗ ಬಿಸಿಲು ಕಿಟಕಿಯಿಂದ ಇಳಿದಿರಲಿಲ್ಲ. ಹೆಂಡತಿ ಮಂಚದ ಮೇಲೆ ಒಗೆದ ಬಟ್ಟೆ ಮಡಿಸುತ್ತಿದ್ದಳು. ಅವಳದ್ದು ಬೇರೆ, ಅವನದ್ದು ಬೇರೆ.

"ಸಿಕ್ತಾ?"

"ಹ್ಞೂಂ."

"ಯೋಚನೆ ಮಾಡಿದ್ರಾ?"

"ಮಾಡ್ತಾ ಇದ್ದೀನಿ. ಇದನ್ನೊಂದು ನೋಡಿಬಿಡ್ತೀನಿ, ಸರಿಯಿಲ್ಲದಿದ್ದರೆ ವಾಪಸು ಕೊಡಬೇಕು."

ಹೊರಗಿನ ಕೋಣೆಯ ಕುರ್ಚಿಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡ. ಮನೆ ನಿಂತುಹೋಯಿತು. ಕಣ್ಣು ಮುಚ್ಚಿ ತೀರ ಹಳೆಯ ಸಂದೇಶದಿಂದ ಶುರುಮಾಡಿದ. ಆಗಿನ ಅವಳ ಧ್ವನಿ ತೆಳುವಾಗಿತ್ತು, ಬೇಗಬೇಗ ಮಾತಾಡುತ್ತಿದ್ದಳು. ಎಲ್ಲ ಕೇಳಿ ಮುಗಿಸಿದರೆ ಉತ್ತರ ತಾನಾಗಿ ಬಾಯಿಗೆ ಬಂದೀತು ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತ್ತು.

ಕಣ್ಣು ತೆರೆದಾಗ ಅವಳು ಎದುರಿಗೆ ನಿಂತಿದ್ದಳು. ತುಟಿಗಳು ಆಡುತ್ತಿದ್ದವು. ಅವನ ಕಿವಿಯಲ್ಲಿ ಅವಳದೇ ಧ್ವನಿ, ಯಾವುದೋ ವರ್ಷದ್ದು, ಕೊಡೆ ಮರೆತ ವಿಚಾರ ಹೇಳುತ್ತಿತ್ತು. ಅವನು ಒಂದು ಬೆರಳೆತ್ತಿದ. ಒಂದು ನಿಮಿಷ.

ಅವಳು ಬೆರಳನ್ನು ನೋಡಿದಳು. ಎದುರಿನ ಕುರ್ಚಿಯಲ್ಲಿ ಕೂತು ತನ್ನ ಫೋನ್ ತೆಗೆದು ಬಾಯಿಯ ಹತ್ತಿರ ಹಿಡಿದಳು. ಸ್ವಲ್ಪ ಹೊತ್ತಿಗೆ ಅವನ ಫೋನಿನಲ್ಲಿ ಹೊಸ ಸಂದೇಶ ಮೂಡಿತು. ಅದನ್ನೇ ಒತ್ತಿದ.

"ರೀ, ಹಾಲು ಫ್ರಿಜ್ಜಲ್ಲಿದೆ." ಫ್ಯಾನಿನ ಕಿರುಗುಟ್ಟುವಿಕೆ. "ಆಸ್ಪತ್ರೆಯವರು ಈಗಷ್ಟೇ ಫೋನ್ ಮಾಡಿದ್ರು. ಏನು ಹೇಳಲಿ? ಬೇಡ ಅಂದ್ರೆ ನಿಲ್ತೀನಿ. ಒಂದು ಮಾತು ಸಾಕು."

ಮಾತು ಮುಗಿದರೂ ಅವಳು ನಿಲ್ಲಿಸಿರಲಿಲ್ಲ, ಸಂದೇಶ ಓಡುತ್ತಲೇ ಇತ್ತು. ಗಾಳಿಗೆ ಕಿಟಕಿಪರದೆಯ ಬಳೆಗಳು ಕಂಬಿಯ ಮೇಲೆ ಜಾರಿದ್ದು. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ್ದು. ಅವಳ ಉಸಿರು, ಒಳಗೆ, ಹೊರಗೆ. ಹೆಡ್‌ಫೋನ್ ನಿಜಕ್ಕೂ ಒಳ್ಳೆಯದಿತ್ತು, ಇಡೀ ಕೋಣೆ ಅದರಲ್ಲಿತ್ತು.

ಆದರೆ ಅವಳು ಇದನ್ನು ಹೇಳುವಾಗ ಅವನೂ ಇದೇ ಕೋಣೆಯಲ್ಲಿ, ಕೈಚಾಚಿದರೆ ಸಿಗುವಷ್ಟು ದೂರದಲ್ಲಿ ಕೂತಿದ್ದ. ಅವನು ಧ್ವನಿ ಪೂರ್ತಿ ಏರಿಸಿ ಮೊದಲಿಂದ ಹಾಕಿದ. ಫ್ಯಾನು. ಪರದೆ. ಸೈಕಲ್ಲು. ಒಬ್ಬರ ಉಸಿರು. ಇನ್ನೊಬ್ಬರದು, ತನ್ನದು, ಇರಲೇಬೇಕು, ಎಲ್ಲಿ ಹೋದೀತು.

ಸರಿಯಾಗಿ ಕೇಳಲೆಂದು ಅವನು ಉಸಿರು ಬಿಗಿಹಿಡಿದು ಮತ್ತೊಮ್ಮೆ ಒತ್ತಿದ. ಎದುರಿನ ಕುರ್ಚಿಯಲ್ಲಿ ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡು ಅವನ ಬಾಯಿಯನ್ನೇ ನೋಡುತ್ತಿದ್ದಳು.